ಇಪ್ಪತ್ತನೇ ತಾರೀಖು ಬದಲಾಗಿರಲಿಲ್ಲ

2022ರ ಜೂನ್ ತಿಂಗಳ ಒಂದು ಸೋಮವಾರ. ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿಯೊಂದರ ಮೇಲಿನ ಮಹಡಿ, ತೆರಿಗೆ ಸಲಹೆಗಾರರ ಸಣ್ಣ ಆಫೀಸು. ಹನ್ನೊಂದು ವರ್ಷದ ಮೇಲೆ ನಾನು ಮತ್ತೆ ಕಂಪ್ಯೂಟರ್ ಮುಂದೆ ಕೂತಿದ್ದೆ. ಕೆಳಗೆ ಮೂಟೆ ಇಳಿಸುವವರ ಕೂಗು, ಒಳಗೆ ಪ್ರಿಂಟರಿನ ಕಿರಕಿರ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನಾದ ಹುಡುಗ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದುಕೊಟ್ಟು ಪಕ್ಕದಲ್ಲಿ ನಿಂತ. ನಾನು ಕೆಲಸ ಬಿಟ್ಟಾಗ ಇದ್ದದ್ದು ಟ್ಯಾಲಿ ಇ.ಆರ್.ಪಿ. 9. ಇದು ಟ್ಯಾಲಿ ಪ್ರೈಮ್, ಗುರುತೇ ಸಿಗದಂಥ ಪರದೆ. ಎದೆ ಡವಡವ ಅನ್ನುತ್ತಿತ್ತು. ಅವನು ವೋಚರಿನ ಪುಟಕ್ಕೆ ಹೋಗಿ, "ಒಂದು ಸೇಲ್ಸ್ ಎಂಟ್ರಿ ಹಾಕ್ರಿ ಮೇಡಂ" ಅಂದ. ಕಣ್ಣು ಇನ್ನೂ ಹುಡುಕುತ್ತಲೇ ಇತ್ತು, ಬೆರಳು ತಾನಾಗಿ ಹೋಗಿ ಎಫ್8 ಒತ್ತಿತು. ಸೇಲ್ಸ್ ವೋಚರ್ ಬಂತು. ಎಫ್5 ಒತ್ತಿದೆ, ಪೇಮೆಂಟ್. ಎಫ್6, ರಸೀದಿ. ಎಫ್7, ಜರ್ನಲ್. ಎಫ್9, ಖರೀದಿ. ಒಂದೂ ಜಾಗ ಬಿಟ್ಟು ಕದಲಿರಲಿಲ್ಲ.

ಆ ಕೆಲಸ ಸಿಗುವ ಮುಂಚೆ ನಾಲ್ಕು ಕಡೆ ಹೋಗಿ ಬಂದಿದ್ದೆ. ನಾಲ್ಕೂ ಕಡೆ ಮೊದಲ ಪ್ರಶ್ನೆ ಒಂದೇ: "ಮಕ್ಕಳನ್ನ ಯಾರು ನೋಡ್ಕೊಂತಾರೆ?" ಎರಡನೆಯದು: "ಇಷ್ಟು ವರ್ಷ ಏನ್ ಮಾಡ್ತಿದ್ರಿ?" ನನ್ನ ಉತ್ತರವೂ ಒಂದೇ: "ಮನೇಲಿದ್ದೆ." ಆ ಮಾತು ಬಾಯಿಂದ ಬಿದ್ದ ಕೂಡಲೇ ಎದುರಿದ್ದವರ ಪೆನ್ನು ಕೆಳಗಿಳಿಯುತ್ತಿತ್ತು. ಒಂದು ಕಡೆ ನನ್ನ ಅರ್ಜಿಯನ್ನು ಮಡಚಿ ಟೀ ಲೋಟದ ಕೆಳಗೆ ಇಟ್ಟರು. ಅವಮಾನ ಮಾಡಬೇಕೆಂದು ಇಟ್ಟದ್ದಲ್ಲ, ಅಷ್ಟರಲ್ಲಿ ಅದು ಅವರ ಪಾಲಿಗೆ ಬರೀ ಕಾಗದ ಆಗಿತ್ತು. ಮನೆಗೆ ಬಂದು ಅತ್ತುಬಿಟ್ಟೆ. ನನಗೇ ಏನೋ ಕೊರತೆ ಇದೆ ಎಂದು ಬಹಳ ದಿನ ನಂಬಿದ್ದೆ.

ಕೊರತೆ ನಿಜವಾಗಿ ಎಲ್ಲಿದೆ ಎಂದು ತಿಳಿದದ್ದು ಆಮೇಲೆ, ಒಂದು ಅಧ್ಯಯನ ಓದಿದಾಗ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕೇಟ್ ವೈಸ್‌ಹಾರ್ ಅವರು 2018ರಲ್ಲಿ ಪ್ರಕಟಿಸಿದ್ದು. ಅಲ್ಲಿನ ಐವತ್ತು ನಗರಗಳ ಉದ್ಯೋಗ ಜಾಹೀರಾತುಗಳಿಗೆ ಅವರು ಕಲ್ಪಿತ ಅರ್ಜಿಗಳನ್ನು ಕಳಿಸಿದರು. ಓದು ಒಂದೇ, ಅನುಭವ ಒಂದೇ. ವ್ಯತ್ಯಾಸ ಇಷ್ಟೇ: ಕೆಲವು ಅರ್ಜಿಗಳಲ್ಲಿ ತಾಯಿ ಈಗಲೂ ಕೆಲಸದಲ್ಲಿದ್ದಾಳೆ, ಕೆಲವುಗಳಲ್ಲಿ ಕಂಪನಿಯವರು ಅವಳನ್ನು ಕೆಲಸದಿಂದ ತೆಗೆದಿದ್ದಾರೆ, ಇನ್ನು ಕೆಲವುಗಳಲ್ಲಿ ಮಕ್ಕಳಿಗಾಗಿ ಅವಳೇ ಬಿಟ್ಟಿದ್ದಾಳೆ. ಕೆಲಸದಲ್ಲಿದ್ದ ತಾಯಂದಿರಲ್ಲಿ ಶೇ 15.3 ಮಂದಿಗೆ ಸಂದರ್ಶನದ ಕರೆ ಬಂತು. ಕೆಲಸ ಕಳೆದುಕೊಂಡವರಲ್ಲಿ ಶೇ 9.7. ಮಕ್ಕಳಿಗಾಗಿ ಮನೆಯಲ್ಲಿದ್ದವರಲ್ಲಿ ಶೇ 4.9. ಕೊನೆಯ ಎರಡು ಅಂಕಿಗಳನ್ನು ನಾನು ಮತ್ತೆ ಮತ್ತೆ ನೋಡಿದೆ. ಈ ಎರಡೂ ಗುಂಪಿನವರು ಕೆಲಸದಿಂದ ದೂರವಿದ್ದ ಕಾಲ ಒಂದೇ. ಕಲಿತದ್ದು ಮರೆಯುವುದೇ ತೊಂದರೆಯಾಗಿದ್ದರೆ ಇಬ್ಬರಿಗೂ ಸಮನಾಗಿ ತಟ್ಟಬೇಕಿತ್ತು. ತಟ್ಟಲಿಲ್ಲ. ಮನೆಯಲ್ಲಿದ್ದ ತಂದೆಯರಿಗೂ ಶೇ 5.4 ಕರೆ ಮಾತ್ರ. ಅಂದರೆ ಪೆಟ್ಟು ಬೀಳುವುದು ಬಿಡುವಿಗಲ್ಲ, ಬಿಡುವಿಗೆ ಕೊಟ್ಟ ಕಾರಣಕ್ಕೆ. ಒಮ್ಮೆ ಮಗುವಿಗಾಗಿ ಬಿಟ್ಟವರು ಮುಂದೆಯೂ ಬಿಟ್ಟಾರು ಎಂಬ ಅನುಮಾನಕ್ಕೆ. ಅದು ಅಮೆರಿಕದ ಲೆಕ್ಕ, ನಿಜ. ಆದರೆ ನಮ್ಮೂರಿನ ಆ ಮೊದಲ ಪ್ರಶ್ನೆಯಲ್ಲಿರುವ ಅನುಮಾನವೂ ಇದೇ.

ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. 1989ರ ಮಾರ್ಚ್ 3ರಂದು ಜಮ್‌ಷೆಡ್‌ಪುರದಲ್ಲಿ ಸಮಾರಂಭವೊಂದರ ನಡುವೆ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ತೀರಿಕೊಂಡರು. ಪರಿಹಾರದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗೃಹಿಣಿಯರ ದುಡಿಮೆಗೆ ಬೆಲೆ ಕಟ್ಟಬೇಕೆಂದು 2001ರಲ್ಲಿ ಲತಾ ವಾಧ್ವಾ ಪ್ರಕರಣದಲ್ಲಿ ಕೋರ್ಟು ಹೇಳಿತು, ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಹಿಡಿಯಿತು. ಆಮೇಲಿನ ತೀರ್ಪುಗಳಲ್ಲಿ ಈ ವಿಚಾರ ಇನ್ನಷ್ಟು ಗಟ್ಟಿಯಾಗಿದೆ. ಮನೆಯಲ್ಲಿದ್ದ ಹೆಂಗಸು ತೀರಿಕೊಂಡರೆ ಅವಳ ಕೆಲಸಕ್ಕೆ ಇಷ್ಟು ಬೆಲೆ ಎಂದು ದೇಶದ ಅತಿ ದೊಡ್ಡ ನ್ಯಾಯಾಲಯ ಬರೆದಿಟ್ಟಿದೆ. ಅದೇ ಹೆಂಗಸು ಬದುಕಿದ್ದು ಅರ್ಜಿ ಹಿಡಿದು ಬಂದರೆ ಆ ಹನ್ನೊಂದು ವರ್ಷ ಸೊನ್ನೆ.

ಇನ್ನು ಕಲಿಕೆಯ ವಿಚಾರ. ನಾನು ಬಿಟ್ಟದ್ದು 2011ರಲ್ಲಿ, ವ್ಯಾಟ್ ಕಾಲ. ತಿಂಗಳು ತಿಂಗಳು ವ್ಯಾಟ್ 100 ಫಾರಂ. ಸರಕು ಲಾರಿ ಹತ್ತುವ ಮುಂಚೆ ಇ-ಸುಗಮ್ ನಂಬರ್ ತೆಗೆಯಬೇಕು. ಹೊರರಾಜ್ಯದ ವ್ಯಾಪಾರವಾದರೆ ಸಿ ಫಾರಂ, ಅದು ಬರದೆ ಇದ್ದರೆ ಪಾರ್ಟಿಗೆ ದಿನಾ ಫೋನು. ಮರಳಿ ಬರುವ ಹೊತ್ತಿಗೆ ಆ ಲೋಕವೇ ಇರಲಿಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತ್ತು. ಇ-ಸುಗಮ್ ಹೋಗಿ ಇ-ವೇ ಬಿಲ್ಲು. ಪ್ರತಿ ಸರಕಿಗೂ ಎಚ್.ಎಸ್.ಎನ್. ಕೋಡು. ನಗದು ವ್ಯಾಪಾರವಿದ್ದ ಕಡೆ ಯು.ಪಿ.ಐ., ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹತ್ತು, ಇಪ್ಪತ್ತು, ನಲವತ್ತು ರೂಪಾಯಿಯ ಸಾಲುಗಳೇ ಪುಟಗಟ್ಟಲೆ. ತಿಂಗಳ ರಿಟರ್ನ್ ಹಾಕುವವರ ಮಾರಾಟದ ವಿವರ 11ನೇ ತಾರೀಖಿನೊಳಗೆ ಹೋಗಬೇಕು. ನಮಗೆ ಸರಕು ಕೊಟ್ಟವರು ತಮ್ಮ ಕಡೆಯಿಂದ ಹಾಕಿದ್ದಾರೋ ಇಲ್ಲವೋ ಎಂಬುದು 14ಕ್ಕೆ 2ಬಿ ಪಟ್ಟಿಯಲ್ಲಿ ಬರುತ್ತದೆ. ಅದನ್ನು ನಮ್ಮ ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ 20ರೊಳಗೆ 3ಬಿ ರಿಟರ್ನ್ ಹಾಕಬೇಕು.

ಮೊದಲ ತಿಂಗಳು ಇದನ್ನೆಲ್ಲ ಮಗಳ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆದುಕೊಂಡೆ. ಬರೆಯುತ್ತಾ ಬರೆಯುತ್ತಾ ಗಮನಕ್ಕೆ ಬಂತು: ವ್ಯಾಟ್ ರಿಟರ್ನಿಗೂ ಕೊನೆಯ ದಿನ 20ನೇ ತಾರೀಖೇ ಇತ್ತು. ತೆರಿಗೆಯ ಹೆಸರು, ಫಾರಂ, ವೆಬ್‌ಸೈಟು ಎಲ್ಲ ಬದಲಾಗಿದ್ದವು, ಇಪ್ಪತ್ತನೇ ತಾರೀಖು ಬದಲಾಗಿರಲಿಲ್ಲ. ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆಯುವುದು ವ್ಯಾಟಿನಲ್ಲೂ ಇತ್ತು, ಇಲ್ಲೂ ಇದೆ. ಬರುವುದು ಡೆಬಿಟ್, ಹೋಗುವುದು ಕ್ರೆಡಿಟ್ ಎಂದು ಕಾಲೇಜಿನಲ್ಲಿ ಮೇಷ್ಟ್ರು ಕಲಿಸಿದ ಮಾತಿಗೆ ಯಾವ ತಿದ್ದುಪಡಿಯೂ ಬಂದಿರಲಿಲ್ಲ. ಬುಡ ಇದ್ದವರಿಗೆ ರೆಂಬೆ ಹಿಡಿಯಲು ಬಹಳ ದಿನ ಬೇಕಾಗುವುದಿಲ್ಲ. ನನಗೆ ಮೂರು ತಿಂಗಳು ಹಿಡಿಯಿತು.

ಅದರಲ್ಲೂ ಒಂದು ಘಟನೆ ನನಗೆ ಧೈರ್ಯ ಕೊಟ್ಟಿತು. ನಾನು ಸೇರಿ ತಿಂಗಳಾಗಿತ್ತು ಅಷ್ಟೆ. 2022ರ ಜುಲೈ 18ರಿಂದ ಹೊಸ ನಿಯಮ: 25 ಕೆ.ಜಿ.ವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಆಹಾರ ಪದಾರ್ಥಗಳ ಮೇಲೆ ಶೇ 5 ತೆರಿಗೆ. ಅಕ್ಕಿ, ಹಿಟ್ಟಿನ ಜೊತೆ ಮಂಡಕ್ಕಿಯೂ ಅದರಲ್ಲಿತ್ತು. ಮಂಡಕ್ಕಿ ಎಂದರೆ ದಾವಣಗೆರೆಗೆ ಏನೆಂದು ಹೇಳಬೇಕಾಗಿಲ್ಲ, ಭಟ್ಟಿಗಳ ಹೊಗೆಯಲ್ಲೇ ಬೆಳೆದ ಊರು ಇದು. ಭಟ್ಟಿಯವರು, ಅಂಗಡಿಯವರು ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಬಿಡಿಯಾಗಿ ಅಳೆದು ಕೊಟ್ಟರೆ ಹೇಗೆ? ಚೀಲ ಹೊಲಿದು ಚೀಟಿ ಅಂಟಿಸಿದರೆ ಹೇಗೆ? ಹೆಸರಿಲ್ಲದ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ? ಆಫೀಸಿನಲ್ಲಿ ಎಲ್ಲರೂ ಅಧಿಸೂಚನೆಯನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲು ಓದುತ್ತಿದ್ದೆವು. ಹತ್ತು ವರ್ಷ ಬಿಡದೆ ದುಡಿದವರೂ ಅದೇ ಸಾಲಿನ ಮೇಲೆ ಬೆರಳಿಟ್ಟಿದ್ದರು, ಹನ್ನೊಂದು ವರ್ಷ ಮನೆಯಲ್ಲಿದ್ದ ನಾನೂ ಅಲ್ಲೇ ಬೆರಳಿಟ್ಟಿದ್ದೆ. 2025ರ ಸೆಪ್ಟೆಂಬರ್ 22ರಂದು ಬಹುತೇಕ ಸರಕುಗಳಿಗೆ ಶೇ 12 ಮತ್ತು 28ರ ದರಗಳು ಹೋಗಿ 5, 18, 40 ಎಂದು ಹಂತಗಳು ಬದಲಾದಾಗಲೂ ಹಾಗೇ ಆಯಿತು. ಆ ವಾರ ಪೇಟೆಯ ಅಂಗಡಿಗಳ ದರಪಟ್ಟಿಗಳನ್ನೆಲ್ಲ ನಮ್ಮ ಟ್ಯಾಲಿಯಲ್ಲಿ ತಿದ್ದುವ ಜವಾಬ್ದಾರಿ ನನ್ನ ಮೇಲಿತ್ತು.

ಹಾಗಾದರೆ ಹೆಣ್ಣುಮಕ್ಕಳು ಕೆಲಸ ಯಾಕೆ ಬಿಡುತ್ತಾರೆ, ಬಿಟ್ಟವರಿಗೆ ಮರಳುವುದು ಯಾಕೆ ಕಷ್ಟ? ನನ್ನ ಮಟ್ಟಿಗೆ ಉತ್ತರ ಗಡಿಯಾರದಲ್ಲಿದೆ.

ಹೆರಿಗೆ ಸೌಲಭ್ಯ ಕಾಯ್ದೆ 1961ರದು. 2017ರ ತಿದ್ದುಪಡಿ ಬರುವವರೆಗೆ ಸಂಬಳಸಹಿತ ರಜೆ 12 ವಾರ, ಆಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ. ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಹತ್ತಕ್ಕಿಂತ ಕಡಿಮೆ ಜನ ಇರುವ ಅಂಗಡಿ, ಆಫೀಸುಗಳಿಗೆ ಅದು ಅನ್ವಯಿಸಲಿಲ್ಲ. ನಾನು ಮೊದಲು ದುಡಿದ ಕಡೆ ಆರು ಜನ ಇದ್ದೆವು. ರಜೆ ಕೇಳಿದಾಗ, "ಮಗು ದೊಡ್ಡದಾದ ಮೇಲೆ ಬಾರಮ್ಮ" ಎಂದು ಮೃದುವಾಗಿಯೇ ಹೇಳಿದರು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದೂ ಅದೇ ತಿದ್ದುಪಡಿ ಹೇಳಿತು. ಮಂಡಿಪೇಟೆಯಂಥ ಬೀದಿಯಲ್ಲಿ ಐವತ್ತು ಜನರ ಆಫೀಸು ಎಷ್ಟಿದ್ದಾವು?

26 ವಾರ ಎಂದರೆ ಆರು ತಿಂಗಳು. ಮಗು ಆಗಷ್ಟೇ ಕೂರಲು ಕಲಿಯುತ್ತಿರುತ್ತದೆ, ರಾಗಿ ಸರಿ ಉಣ್ಣಲು ಶುರು ಮಾಡಿರುತ್ತದೆ. ಅಂಗನವಾಡಿಯಲ್ಲಿ ಕೂರಿಸಿ ಆಡಿಸುವುದು ಮೂರು ವರ್ಷದ ಮೇಲೆ. ನಡುವಿನ ಆ ಎರಡೂವರೆ ವರ್ಷದಲ್ಲಿ ಮಗು ಯಾರ ಮಡಿಲಲ್ಲಿರಬೇಕು? ನನ್ನ ಬಳಗದಲ್ಲಿ ಕೆಲಸ ಬಿಟ್ಟವರೆಲ್ಲ ಬಿಟ್ಟದ್ದು ಈ ಹೊಂಡದಲ್ಲೇ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಕರ್ನಾಟಕ ಸರ್ಕಾರ 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು. ಆ ಹೆಸರು ಇಟ್ಟವರ ಬಗ್ಗೆ ನನಗೆ ಗೌರವವಿದೆ. ಊರಿನ ಕಾಯಕದ ಜಾಗಕ್ಕೆ ಹತ್ತಿರದಲ್ಲೇ ಕೂಸಿಗೊಂದು ಮನೆ ಬೇಕೆಂಬ ವಿಚಾರ ಸರಿಯಾದದ್ದು. ಪೇಟೆಯ ಬಟ್ಟೆ ಅಂಗಡಿ, ಮೆಡಿಕಲ್ ಶಾಪು, ಖಾಸಗಿ ಶಾಲೆ, ಲೆಕ್ಕದ ಆಫೀಸುಗಳಲ್ಲಿ ದುಡಿಯುವ ಹೆಂಗಸರಿಗೂ ವಾರ್ಡಿಗೊಂದು ಅಂಥ ಮನೆ ಬೇಕು. ಸರ್ಕಾರಿ ನೌಕರಿಯಲ್ಲಿದ್ದವರ ಸ್ಥಿತಿ ವಾಸಿ: ಕೇಂದ್ರದ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನ, ರಾಜ್ಯದವರಿಗೆ 180 ದಿನ ಮಕ್ಕಳ ಪಾಲನಾ ರಜೆ ಇದೆ. ಅವರು ಕೆಲಸ ಬಿಡುವುದಿಲ್ಲ, ರಜೆ ಹಾಕುತ್ತಾರೆ. ಮರಳಿ ಬಂದಾಗ ಕುರ್ಚಿ ಅಲ್ಲೇ ಇರುತ್ತದೆ. ಅವರ ಮಕ್ಕಳೂ ನಮ್ಮ ಮಕ್ಕಳಂತೆಯೇ ಜ್ವರ ಬಂದು ಮಲಗುವವರು.

ಮರಳಿದ ಮೇಲೆ ಮನೆಯ ಗಡಿಯಾರ ಸುಮ್ಮನಿರುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಕೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ ಸರಾಸರಿ 289 ನಿಮಿಷ. ಗಂಡಸರಲ್ಲಿ ಮನೆಕೆಲಸ ಮಾಡುವವರು ಕೊಡುವುದು 88 ನಿಮಿಷ. 2019ರಲ್ಲಿ ಇವು 299 ಮತ್ತು 97 ಇದ್ದವು. ಐದು ವರ್ಷದಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತು, ಗಂಡಸರದ್ದೂ ಒಂಬತ್ತು ನಿಮಿಷ ಇಳಿಯಿತು. 289 ನಿಮಿಷ ಅಂದರೆ ಹತ್ತಿರ ಹತ್ತಿರ ಐದು ತಾಸು. ಆಫೀಸಿನ ಏಳು ತಾಸು ಅದರ ಮೇಲೆ ಬಂದು ಕೂರುತ್ತದೆ, ಅದರ ಬದಲಿಗೆ ಬರುವುದಿಲ್ಲ.

ನಮ್ಮ ಮನೆಯಲ್ಲಿ ಮೊದಲು ಬದಲಾಯಿಸಿದ್ದು ಒಂದು ಫೋನ್ ನಂಬರ್. ಮಗನ ಶಾಲೆಯ ದಾಖಲೆಯಲ್ಲಿ ಮೊದಲ ಸಾಲಿನಲ್ಲಿ ನನ್ನ ನಂಬರ್ ಇತ್ತು. ಹೊಟ್ಟೆನೋವು ಅಂದರೆ ನನಗೆ ಫೋನು, ನೀರಿನ ಬಾಟಲಿ ಮರೆತರೆ ನನಗೆ, ಮಳೆ ಬಂದು ಬೇಗ ಬಿಟ್ಟರೆ ನನಗೆ. ಕೆಲಸಕ್ಕೆ ಸೇರಿದ ಎರಡನೇ ವಾರ, 3ಬಿ ಹಾಕುವ ದಿನವೇ ಮೂರು ಸಲ ಫೋನು ಬಂತು. ಆ ರಾತ್ರಿ ಯಜಮಾನರ ಜೊತೆ ಕೂತು ಮಾತಾಡಿದೆ. ಮರುದಿನ ಅವರೇ ಶಾಲೆಗೆ ಹೋಗಿ ತಮ್ಮ ನಂಬರನ್ನು ಮೊದಲು ಬರೆಸಿ ಬಂದರು. "ಅಮ್ಮನ ನಂಬರೇ ಇರಲಿ ಸಾರ್" ಎಂದು ಶಾಲೆಯವರು ಎರಡು ಸಲ ಹೇಳಿದರಂತೆ. ಆಮೇಲೆ ಒಂದು ತಿಂಗಳಿಗೇ ಅವರಿಗೆ ಮಗನ ಮೇಷ್ಟ್ರ ಹೆಸರು, ವ್ಯಾನಿನ ಡ್ರೈವರ್ ಹೆಸರು, ಯಾವ ವಾರ ಬಿಳಿ ಶೂ ಎಂಬುದೆಲ್ಲ ಬಾಯಿಪಾಠವಾಯಿತು. ಅಷ್ಟು ವರ್ಷ ಅದೆಲ್ಲ ನನ್ನ ತಲೆಯೊಳಗಿತ್ತು.

ಅತ್ತೆಯ ಬಗ್ಗೆ ಬರೆಯದೆ ಮುಂದೆ ಹೋದರೆ ತಪ್ಪಾಗುತ್ತದೆ. "ನೀ ಹೋಗಿ ಬಾರವ್ವ, ಮಧ್ಯಾಹ್ನದ ಅನ್ನ ನಾ ಮಾಡ್ತೀನಿ" ಎಂದು ಅವರು ಅಂದದ್ದರಿಂದಲೇ ನಾನು ಮನೆಯ ಹೊಸಿಲು ದಾಟಿದ್ದು. ಅವರಿಗೆ ಆಗ ಅರವತ್ತೇಳು, ಎರಡೂ ಮಂಡಿಯಲ್ಲಿ ನೋವು. ನಾನು ಮರಳಿ ಕೆಲಸಕ್ಕೆ ಹೋದೆ ಎಂದು ಎಲ್ಲರೂ ಮೆಚ್ಚಿಕೊಂಡರು. ಆ 289 ನಿಮಿಷದಲ್ಲಿ ದೊಡ್ಡ ಪಾಲು ನನ್ನಿಂದ ಅವರ ಮಂಡಿಗೆ ಹೋಯಿತು ಎಂಬುದನ್ನು ಯಾರೂ ಹೇಳಲಿಲ್ಲ. ನಮ್ಮ ಊರುಗಳಲ್ಲಿ ಒಬ್ಬ ತಾಯಿ ಕೆಲಸಕ್ಕೆ ಮರಳುವುದು ಬಹಳ ಸಲ ಇನ್ನೊಬ್ಬ ಮುದುಕಿಯ ದುಡಿಮೆಯಿಂದ, ಇಲ್ಲವೇ ಸ್ವಂತ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುವ ಕೆಲಸದಾಕೆಯ ದುಡಿಮೆಯಿಂದ. ಈಗ ಬೆಳಿಗ್ಗೆಯೇ ಅನ್ನ, ಪಲ್ಯ ಮಾಡಿಟ್ಟು ಹೊರಡುತ್ತೇನೆ. ಸಂಜೆ ರೊಟ್ಟಿಗೆ ಹಿಟ್ಟು ನಾದುವುದು ಯಜಮಾನರು. ಬಡಿಯುವುದು ಅವರಿಗೆ ಇನ್ನೂ ಬಂದಿಲ್ಲ, ಕಲಿಯುತ್ತಿದ್ದಾರೆ.

ದುಡ್ಡಿನ ವಿಷಯವನ್ನೂ ನೇರವಾಗಿ ಹೇಳಿಬಿಡಬೇಕು. ಮರಳಿದಾಗ ನನಗೆ ಕೊಟ್ಟದ್ದು ಆಗಷ್ಟೇ ಬಿ.ಕಾಂ. ಮುಗಿಸಿದವರ ಸಂಬಳ. ಹಳೆಯ ಏಳು ವರ್ಷದ ಅನುಭವಕ್ಕೆ ಒಂದು ರೂಪಾಯಿಯೂ ಸೇರಲಿಲ್ಲ. ಆಟೋ ಖರ್ಚು ಕಳೆದರೆ ಏನು ಉಳಿಯುತ್ತದೆ ಎಂದು ನೆಂಟರು ಲೆಕ್ಕ ಹಾಕಿ ತೋರಿಸಿದರು. ಒಂದು ವರ್ಷದ ಮೇಲೆ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ಸು ಉಚಿತವಾಯಿತು, ಆ ಲೆಕ್ಕ ಬಿದ್ದುಹೋಯಿತು. ಆದರೆ ಆ ಲೆಕ್ಕ ಮೊದಲೇ ತಪ್ಪಿತ್ತು. ಮೊದಲ ವರ್ಷದ ಸಂಬಳವನ್ನು ಮಾತ್ರ ನೋಡುವವರು ಹತ್ತನೇ ವರ್ಷದ ಸಂಬಳವನ್ನು ನೋಡುವುದಿಲ್ಲ.

ಪಿ.ಎಫ್. ಇದ್ದ ಕಡೆ ದುಡಿದು ಬಿಟ್ಟವರಿಗೆ ಒಂದು ಮಾತು. ಇದು ಗೊತ್ತಿಲ್ಲದೆ ನನ್ನ ಗೆಳತಿ ನಷ್ಟ ಮಾಡಿಕೊಂಡಳು. ಭವಿಷ್ಯನಿಧಿಯ ಜೊತೆಗೇ ಪಿಂಚಣಿ ಯೋಜನೆಯೂ ಇರುತ್ತದೆ. ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಆಗಬೇಕು. ಹತ್ತು ಆಗುವ ಮೊದಲೇ ಬಿಟ್ಟವರಿಗೆ ಎರಡು ದಾರಿ: ಪಿಂಚಣಿಯ ದುಡ್ಡನ್ನು ವಾಪಸ್ ಪಡೆಯುವುದು, ಇಲ್ಲವೇ 10ಸಿ ಫಾರಂ ಹಾಕಿ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳುವುದು. ಸರ್ಟಿಫಿಕೇಟ್ ಇದ್ದರೆ ಹಳೆಯ ಸೇವೆ ಜೀವಂತವಾಗಿರುತ್ತದೆ, ಎಷ್ಟೋ ವರ್ಷದ ಮೇಲೆ ಹೊಸ ಕಡೆ ಸೇರಿದರೂ ಅದಕ್ಕೆ ಕೂಡಿಕೊಳ್ಳುತ್ತದೆ. ದುಡ್ಡು ತೆಗೆದರೆ ಆ ವರ್ಷಗಳು ಅಳಿಸಿಹೋಗುತ್ತವೆ. ಗೆಳತಿ ಬೆಂಗಳೂರಿನಲ್ಲಿ ಏಳು ವರ್ಷ ದುಡಿದಿದ್ದಳು. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ದುಡ್ಡು ತೆಗೆದು ಫ್ರಿಜ್ ಕೊಂಡರು. ಈಗ ಮತ್ತೆ ಕೆಲಸಕ್ಕೆ ಸೇರಿದ್ದಾಳೆ. ಮೂರು ವರ್ಷಕ್ಕೆ ಮುಗಿಯಬೇಕಿದ್ದದ್ದು ಅವಳಿಗೆ ಮತ್ತೆ ಹತ್ತು ವರ್ಷ.

ನಿಯಮ ಬದಲಿಸಿದರೆ ಬಿಡುವಿನ ಪೆಟ್ಟು ಕಡಿಮೆಯಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಮಾಣಪತ್ರಕ್ಕೆ ಮೊದಲು ಏಳೇ ವರ್ಷದ ಆಯುಷ್ಯ. ಎರಡು ಮಕ್ಕಳನ್ನು ಶಾಲೆಗೆ ಹಚ್ಚುವಷ್ಟರಲ್ಲಿ ಅದು ಮುಗಿಯುತ್ತಿತ್ತು. 2021ರಲ್ಲಿ ಅದನ್ನು ಜೀವನಪೂರ್ತಿ ಮಾಡಿದರು. ವಿಜ್ಞಾನದಲ್ಲಿ ಸಂಶೋಧನೆ ಬಿಟ್ಟವರಿಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಮಹಿಳಾ ವಿಜ್ಞಾನಿ ಯೋಜನೆ ಎರಡು ದಶಕದ ಹಿಂದೆಯೇ ಬಂತು. ಟಾಟಾ ಸಮೂಹ 2008ರಲ್ಲೇ ಎರಡನೇ ವೃತ್ತಿಜೀವನದ ಕಾರ್ಯಕ್ರಮ ತಂದಿತ್ತು. ಇವೆಲ್ಲ ಒಳ್ಳೆಯವೇ, ಆದರೆ ನಮ್ಮ ಬೀದಿಯವರೆಗೆ ಬರುವಂಥವಲ್ಲ.

ನಮ್ಮ ಬೀದಿಗೆ ಬೇಕಾದ್ದು ಏನೆಂದು ನನಗೆ ಹೊಳೆದದ್ದು ಔಷಧದ ಅಂಗಡಿಗಳ ಬಗ್ಗೆ ಓದಿದಾಗ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಲಾರೆನ್ಸ್ ಕಾಟ್ಸ್ ಜೊತೆ ಅಮೆರಿಕದ ಫಾರ್ಮಸಿಸ್ಟರನ್ನು ಅಧ್ಯಯನ ಮಾಡಿದ್ದಾರೆ. ಅಲ್ಲಿ ಗಂಡು ಹೆಣ್ಣಿನ ಸಂಬಳದ ಅಂತರ ಬಹಳ ಕಡಿಮೆ. ಕಾರಣ, ಒಬ್ಬರು ಹೋದರೆ ಇನ್ನೊಬ್ಬರು ಅದೇ ಕೆಲಸವನ್ನು ಅಲ್ಲಿಂದಲೇ ಮುಂದುವರಿಸಬಹುದು. ಗ್ರಾಹಕನ ದಾಖಲೆಯೆಲ್ಲ ಕಂಪ್ಯೂಟರಿನಲ್ಲಿದೆ. ಕಡಿಮೆ ತಾಸು ದುಡಿದವರಿಗೆ ಕಡಿಮೆ ಸಂಬಳ ಬರುತ್ತದೆ ನಿಜ, ತಾಸಿನ ದರ ಮಾತ್ರ ಕುಸಿಯುವುದಿಲ್ಲ. ಯಾವ ಹೊತ್ತಿಗೆ ಕರೆದರೂ ಬರಬೇಕು, ಇವರೇ ಬರಬೇಕು ಎನ್ನುವ ಕೆಲಸಗಳಲ್ಲಿ ತಾಯಂದಿರು ಹಿಂದೆ ಬೀಳುತ್ತಾರೆ.

ಇದನ್ನು ನಮ್ಮ ಆಫೀಸಿನ ಯಜಮಾನರಿಗೆ ಹೇಳಿದೆ. ಅವರು ವಯಸ್ಸಾದವರು, ಕಿರ್ದಿ ಖಾತೆಗಳನ್ನು ಕೈಯಲ್ಲಿ ಬರೆದು ಬಂದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾದ್ರೆ ಒಂದ್ ಪಾರ್ಟಿನ ಇಬ್ಬರು ನೋಡ್ಕೊಳ್ಳೋಂಗೆ ಮಾಡನ" ಅಂದರು. ಅಂದಿನಿಂದ ಪ್ರತಿ ಅಂಗಡಿಯ ಲೆಕ್ಕಕ್ಕೂ ಇಬ್ಬರ ಹೆಸರು. ನಾನು ನಾಲ್ಕಕ್ಕೆ ಹೊರಟರೆ ಮೊದಲ ದಿನ ಟ್ಯಾಲಿ ತೆರೆದುಕೊಟ್ಟ ಆ ಹುಡುಗ ಮುಂದುವರಿಸುತ್ತಾನೆ. 11ಕ್ಕೆ, 20ಕ್ಕೆ ನಾನು ರಾತ್ರಿಯವರೆಗೂ ಇರುತ್ತೇನೆ, ಆ ದಿನ ಮನೆಯ ಜವಾಬ್ದಾರಿ ನನ್ನ ಗಂಡನದ್ದು. ಹುಡುಗನ ಮದುವೆಯಾಗಿ ಮಗುವಾದಾಗ ಅವನೂ ಎರಡು ವಾರ ನಿಶ್ಚಿಂತೆಯಿಂದ ಮನೆಯಲ್ಲಿದ್ದ. ಅವನ ಅಂಗಡಿಗಳನ್ನು ನಾನು ನೋಡಿಕೊಂಡೆ.

ಹೋದ ತಿಂಗಳು ಒಬ್ಬ ಹೆಣ್ಣುಮಗಳು ಅರ್ಜಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಆಫೀಸಿನ ಯಜಮಾನರು ಊರಲ್ಲಿರಲಿಲ್ಲ, ನೀನೇ ಮಾತಾಡು ಎಂದು ಫೋನಿನಲ್ಲಿ ಹೇಳಿದರು. ಕುರ್ಚಿಯ ತುದಿಯಲ್ಲಿ ಕೂತವಳು ಕೇಳುವ ಮುಂಚೆಯೇ, "ಆರು ವರ್ಷ ಮನೇಲಿದ್ದೆ ಅಕ್ಕಾ" ಎಂದು ತಗ್ಗಿದ ದನಿಯಲ್ಲಿ ಅಂದಳು.

"ಅದಕ್ಕೂ ಮುಂಚೆ ಯಾವ ಯಾವ ಪಾರ್ಟಿ ನೋಡ್ತಿದ್ರಿ?" ಎಂದು ಕೇಳಿದೆ.

ಅವಳು ತಲೆ ಎತ್ತಿದಳು. ಹೋಲ್‌ಸೇಲ್ ಕಿರಾಣಿ, ಎರಡು ಬಟ್ಟೆ ಅಂಗಡಿ, ಒಂದು ಅಡಿಕೆ ಮಂಡಿ. ಹೇಳುತ್ತಾ ಹೇಳುತ್ತಾ ಕುರ್ಚಿಯ ಹಿಂದಕ್ಕೆ ಸರಿದು ಕೂತಳು. ಕಂಪ್ಯೂಟರ್ ಅವಳ ಕಡೆ ತಿರುಗಿಸಿ ಅರ್ಧ ಗಂಟೆ ಬಿಟ್ಟೆ. ಅಡಿಕೆ ಮಂಡಿಯ ಒಂದು ಬಿಲ್ಲಿನಲ್ಲಿ ನಮ್ಮ ಕಣ್ಣಿಗೂ ಬೀಳದ ತಪ್ಪೊಂದನ್ನು ಹಿಡಿದಳು.

"ಎಷ್ಟೊತ್ತಿಗೆ ಬರಲಿ ಅಕ್ಕಾ ನಾಳೆ?"

"ಮಗುವಿನ ಸ್ಕೂಲ್ ವ್ಯಾನ್ ಎಷ್ಟೊತ್ತಿಗೆ?"

"ಒಂಬತ್ತೂ ಇಪ್ಪತ್ತಕ್ಕೆ."

"ವ್ಯಾನ್ ಹತ್ತಿಸಿ, ತಿಂಡಿ ತಿಂದು ಬರ್ರಿ. ಹತ್ತಕ್ಕೆ ಶುರು ಮಾಡೋಣ."